ಇವಳ್ಯಾಕೆ ಓಡ್ತಿದ್ದಾಳೆ, ಆನೆ ಬಂತಾ?

ಮಡಿಕೇರಿಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ಇದು ಏಳನೇ ವರ್ಷ. ಊರು ಹಾಸನದ ಕಡೆ. ಆದರೆ ಈಗ ಕಾಲಿಗೆ ಜಿಗಣೆ ಹತ್ತಿದರೆ ಕಿರುಚುವುದಿಲ್ಲ, ಉಪ್ಪು ಹುಡುಕುತ್ತೇನೆ. ಅಷ್ಟರ ಮಟ್ಟಿಗೆ ಕೊಡಗಿನವಳಾಗಿದ್ದೇನೆ.

ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಿಕೊಂಡು ಬನ್ನಿ ಅಂತ. ಪೂರ್ತಿ ಸಿನಿಮಾ ಬೇಡ, ಶುರು ಮಾತ್ರ. ಫೋನಿನಲ್ಲೇ ತೆಗೆಯಬೇಕು, ಹೆಸರುಗಳೂ ಆ ಎರಡು ನಿಮಿಷದೊಳಗೇ ಬರಬೇಕು, ಇಂಟರ್ನೆಟ್‌ನಿಂದ ಇಳಿಸಿಕೊಂಡ ಮ್ಯೂಸಿಕ್ ಹಾಕುವಂತಿಲ್ಲ. ಮೊದಲೆಲ್ಲ ಕಿರುಚಿತ್ರ ಮಾಡಿಸುತ್ತಿದ್ದೆ. ಎಲ್ಲವೂ ಒಂದೇ ಥರ ಇರುತ್ತಿದ್ದವು. ಗೆಳೆಯ ಸಾಯುತ್ತಾನೆ, ಹಿಂದೆ ಕೊಳಲು, ಕೊನೆಗೆ ಪರದೆ ಮೇಲೆ ಒಂದು ಬುದ್ಧಿಮಾತು. ಶುರು ಮಾತ್ರ ಮಾಡಿ ಅಂದರೆ ಬುದ್ಧಿಮಾತಿಗೆ ಜಾಗವೇ ಇಲ್ಲ. ನೋಡುವವರನ್ನು ಎರಡು ನಿಮಿಷ ಅಲುಗಾಡದ ಹಾಗೆ ಕೂರಿಸಬೇಕು. ಸುಲಭ ಅನ್ನಿಸುತ್ತೆ ಅಲ್ವಾ? ಅವರಿಗೂ ಹಾಗೇ ಅನ್ನಿಸಿತ್ತು.

ಈ ಸಲದ ಆರು ಜನರ ತಂಡ ಸೆಪ್ಟೆಂಬರ್‌ನಲ್ಲಿ ಮೊದಲ ಕಟ್ ತಂದಿತು. ಕಾಫಿ ತೋಟದಲ್ಲಿ ಒಬ್ಬಳು ಹುಡುಗಿ ಓಡುತ್ತಿದ್ದಾಳೆ. ಹಿಂದೆ ಕಪ್ಪು ಜಾಕೆಟ್ ಹಾಕಿದವನೊಬ್ಬ. ಮಂಜು, ಕೆಸರು, ಏದುಸಿರು. ಅವನ ಕೈಯಲ್ಲಿ ಕತ್ತಿ, ಕತ್ತಿಗೆ ಟೊಮ್ಯಾಟೊ ಸಾಸ್. ಹುಡುಗಿ ಬೀಳುತ್ತಾಳೆ, ಪರದೆ ಕಪ್ಪಾಗುತ್ತೆ, ಕೆಂಪಕ್ಷರದಲ್ಲಿ ಸಿನಿಮಾದ ಹೆಸರು. ಮಕ್ಕಳಿಗೆ ಬಹಳ ಖುಷಿ.

ನನ್ನದೊಂದು ನಿಯಮ ಇದೆ. ನನಗೆ ತೋರಿಸುವ ಮೊದಲು ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಬೇಕು, ತೋರಿಸುವಾಗ ಬಾಯಿ ಬಿಡಬಾರದು. ಕ್ಯಾಂಟೀನ್ ಅಕ್ಕನಿಗೆ ತೋರಿಸಿದರು. ಅಕ್ಕ ಒಂದು ಕೈಯಲ್ಲಿ ಸೌಟು ಹಿಡಿದೇ ಫೋನ್ ನೋಡಿದರು. ಅರ್ಧ ನಿಮಿಷಕ್ಕೆ ಕೇಳಿದರು, "ಇವಳ್ಯಾಕೆ ಓಡ್ತಿದ್ದಾಳೆ, ಆನೆ ಬಂತಾ?"

ಆರೂ ಜನರ ಮುಖ ನೋಡಬೇಕಿತ್ತು. ಕಪ್ಪು ಜಾಕೆಟ್‌ನವನನ್ನು ಅಕ್ಕ ನೋಡದೆ ಇರಲಿಲ್ಲ. "ಅವನೂ ಓಡ್ತಿದ್ದಾನಲ್ಲ ಪಾಪ" ಅಂದರು.

ನಕ್ಕು ಸುಸ್ತಾದ ಮೇಲೆ ಕ್ಲಾಸಿನಲ್ಲಿ ಇದನ್ನೇ ಇಟ್ಟುಕೊಂಡು ಕೂತೆವು. ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ? ಕೊಡಗಿನಲ್ಲಿ ಕಾಫಿ ತೋಟದೊಳಗೆ ಒಬ್ಬರು ಪ್ರಾಣಭಯದಿಂದ ಓಡುತ್ತಿದ್ದರೆ ಮೊದಲು ನೆನಪಾಗುವುದು ಆನೆಯೇ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯವರನ್ನು ಕೇಳಿ. ಬೆಳಗ್ಗೆ ಎದ್ದು ಹವಾಮಾನ ನೋಡುವುದಿಲ್ಲ ಅವರು, ಇವತ್ತು ಆನೆ ಯಾರ ತೋಟದಲ್ಲಿದೆ ಅಂತ ಫೋನ್ ನೋಡುತ್ತಾರೆ. ಮಕ್ಕಳ ತಲೆಯಲ್ಲಿ ಪೂರ್ತಿ ಕಥೆ ಇತ್ತು: ಆ ಹುಡುಗಿ ಯಾರು, ಅವನಿಗೆ ಯಾಕೆ ಸಿಟ್ಟು, ಹಿಂದಿನ ರಾತ್ರಿ ಏನಾಯಿತು. ಅಕ್ಕನ ತಲೆಯಲ್ಲಿ ಏನೂ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಪರದೆ ಮೇಲೆ ಕಂಡದ್ದು ಮತ್ತು ತಾವು ಹುಟ್ಟಿ ಬೆಳೆದ ಊರು, ಅಷ್ಟೇ. ಎರಡನ್ನೂ ಕೂಡಿಸಿದರೆ ಆನೆ ಬರುತ್ತೆ.

ತಂಡದಲ್ಲಿ ಸಿದ್ದಾಪುರ ಕಡೆಯ ಹುಡುಗಿಯೊಬ್ಬಳಿದ್ದಳು, ಮಾತು ಕಡಿಮೆ. ಅವಳನ್ನು ಕೇಳಿದೆ, ನಿನಗೆ ನಿಜವಾಗಿ ಹೆದರಿಕೆ ಆಗಿದ್ದು ಯಾವಾಗ ಅಂತ. ಅವಳು ಹೇಳಿದ್ದು ಇದು. ಶಾಲೆಗೆ ಹೋಗುವಾಗ ಅಪ್ಪ ಬಸ್‌ಸ್ಟಾಪಿನ ತನಕ ಮುಂದೆ ನಡೆಯುತ್ತಿದ್ದರು. ಒಂದಿನ ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು. ಅಪ್ಪ ಕಾಲಿನಿಂದ ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ. ಇವಳ ಕೈ ಹಿಡಿದುಕೊಂಡರು, ಅಷ್ಟೇ. ಅವರು ಯಾವತ್ತೂ ಕೈ ಹಿಡಿಯುವವರಲ್ಲ.

ಕ್ಲಾಸ್ ಗಪ್ಪಂತ ಆಯಿತು. ನಾನು ಬೋರ್ಡ್ ಮೇಲೆ ಏನೂ ಬರೆಯಲಿಲ್ಲ, ಬರೆಯುವುದಕ್ಕೆ ಏನಿದೆ? ಆನೆ ಕಾಣಲೇ ಇಲ್ಲ, ಯಾರೂ ಓಡಲಿಲ್ಲ, ಆದರೂ ಆ ಹುಡುಗಿ ಹೇಳಿದ ನಾಲ್ಕು ಮಾತಿಗೆ ಮೂವತ್ತು ಜನ ಉಸಿರು ಹಿಡಿದು ಕೂತಿದ್ದರು. ಲದ್ದಿ ಬಿಸಿ ಇತ್ತು, ಆನೆ ಇಲ್ಲೇ ಹತ್ತಿರ ಇದೆ ಅಂತ ಅವಳು ಹೇಳಲೂ ಇಲ್ಲ, ನಾವೇ ಅಂದುಕೊಂಡೆವು.

ಆ ಸಂಜೆಯೇ ಹಳೆಯ ಕಥೆ ಬಿಟ್ಟರು. ಹೊಸದು ಬಂತು. ಒಬ್ಬ ಹುಡುಗ ಬೆಂಗಳೂರಿನಿಂದ ಅಜ್ಜನ ಮನೆಗೆ ಬರುತ್ತಾನೆ, ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಸರಿ, ಮುಂದೆ? "ಅಲ್ಲಿ ಕೋವಿ ತೋರಿಸೋಣ ಮೇಡಂ" ಅಂದ ಕೊಡವರ ಹುಡುಗ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ಮುಗಿದು ಎರಡು ವಾರ ಆಗಿತ್ತಷ್ಟೆ. ಮನೆಯಲ್ಲಿ ಕೋವಿ ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿದ ನೆನಪು ಇನ್ನೂ ಹಸಿ.

ನಾನು ಬೇಡ ಅಂದೆ. ಹುಡುಗನಿಗೆ ಸ್ವಲ್ಪ ಬೇಜಾರಾಯಿತು. ಅವನ ವಾದ ಸರಿಯಾಗೇ ಇತ್ತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಬ್ರಿಟಿಷರ ಕಾಲದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಎಲ್ಲ ಹೌದಪ್ಪ. ಆದರೆ ಅದು ಮನೆಯ ಕೋವಿಯ ಮಾತು, ಕಾಲೇಜಿನ ಶೂಟಿಂಗಿನದ್ದಲ್ಲ. ಅದೇ 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಒಂದು ಸಿನಿಮಾದ ಸೆಟ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡು ತಗುಲಿ ತೀರಿಕೊಂಡರು. ಅದು ರಿಹರ್ಸಲ್. ಗನ್ನಿನಲ್ಲಿ ನಿಜವಾದ ಗುಂಡು ಇಲ್ಲ ಅಂತಲೇ ಎಲ್ಲರೂ ನಂಬಿದ್ದರು. ಅಷ್ಟು ದೊಡ್ಡ ಸೆಟ್‌ನಲ್ಲೇ ಹಾಗಾದರೆ ಫೋನು, ಸೆಲ್ಫಿ ಸ್ಟಿಕ್ಕು ಹಿಡಿದ ನಮ್ಮ ಆರು ಜನ ಎಷ್ಟರವರು? ನಕಲಿಯೂ ಬೇಡ ಅಂದೆ. ತೋಟದೊಳಗೆ ಕೋವಿಯಂಥದ್ದನ್ನು ಹಿಡಿದು ಓಡಾಡುವ ಅಪರಿಚಿತ ಹುಡುಗನನ್ನು ದೂರದಿಂದ ಕಂಡವರು ಏನಂದುಕೊಳ್ಳುತ್ತಾರೆ?

ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಬರೀ ಸುರಕ್ಷತೆ. ಕೋವಿ ಇಲ್ಲದಿದ್ದರೆ ಸಿನಿಮಾ ಚೆನ್ನಾಗಿರುತ್ತೆ ಅಂತ ನನಗೇನೂ ಹೊಳೆದಿರಲಿಲ್ಲ. ಹೊಳೆದದ್ದು ಅದೇ ಹುಡುಗನಿಗೆ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಬಂದು ಹೇಳಿದ, "ಮೇಡಂ, ಗೋಡೆಯಲ್ಲಿ ಎರಡು ಗೂಟ ತೋರಿಸ್ತೇವೆ. ಖಾಲಿ."

ನಾನು ಕೊಡಗಿಗೆ ಬಂದ ಮೊದಲ ವರ್ಷ ಸುಗ್ಗಿ ಹಬ್ಬ ಪುತ್ತರಿಗೆ ಒಂದು ಮನೆಯವರು ಊಟಕ್ಕೆ ಕರೆದಿದ್ದರು. ನಡುಮನೆಯ ಗೋಡೆ ಮೇಲೆ ಕೋವಿ ನೋಡಿ ನನಗೆ ಎದೆ ಧಸಕ್ ಅಂದಿತ್ತು, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಗಂಟಲಲ್ಲಿ ಇಳಿಯಲಿಲ್ಲ. ಮನೆಯವರಿಗೆ ಅದು ಗೋಡೆ ಗಡಿಯಾರ ಇದ್ದ ಹಾಗೆ. ಅಂದರೆ ಕೋವಿ ಇದ್ದರೆ ಹೊರಗಿನವರಿಗೆ ಭಯ, ಇಲ್ಲದಿದ್ದರೆ ಕೊಡಗಿನವರಿಗೆ ಭಯ. ಒಂದೇ ಗೋಡೆ. ಈಗೆಲ್ಲ ಬೀರುವಿನಲ್ಲಿ ಬೀಗ ಹಾಕಿ ಇಡುವವರೇ ಜಾಸ್ತಿ, ಆದರೆ ಹಳೆಯ ಮನೆಗಳಲ್ಲಿ ಗೂಟ ಇನ್ನೂ ಇವೆ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾರೇ ಮಾಡಿದರೂ ಮಾಡುವ ತಪ್ಪುಗಳನ್ನೇ ಮಾಡಿದರು. ಒಂದು ಭಾನುವಾರ ಪೂರ್ತಿ ಹೋಗಿದ್ದು ಮಂಜಿನಿಂದ. ಮಡಿಕೇರಿಯಲ್ಲಿ ಮಂಜು ಪುಕ್ಕಟೆ ಸಿಗುತ್ತೆ ಅಂತ ಎಲ್ಲ ತಂಡದವರೂ ಕುಣಿಯುತ್ತಾರೆ. ಅದು ಐದು ನಿಮಿಷಕ್ಕೆ ಬರುತ್ತೆ, ಹತ್ತು ನಿಮಿಷಕ್ಕೆ ಹೋಗುತ್ತೆ. ಹುಡುಗ ಗೇಟು ತೆಗೆಯುವಾಗ ಮುಂದಿನದೇನೂ ಕಾಣದಷ್ಟು ಮಂಜು, ಒಳಗೆ ಕಾಲಿಟ್ಟ ಕೂಡಲೇ ಫಳಫಳ ಬಿಸಿಲು. ಎಡಿಟ್ ಮಾಡುವವನು ತಲೆ ಮೇಲೆ ಕೈ ಹೊತ್ತು ಕೂತ. ಇನ್ನೊಂದು ಫೋನಿನ ಕಾಟ. ಕತ್ತಲ ಕೋಣೆಯಿಂದ ಕಿಟಕಿ ಕಡೆ ತಿರುಗಿಸಿದರೆ ಅದು ತಾನೇ ಬೆಳಕು ಹೆಚ್ಚು ಕಮ್ಮಿ ಮಾಡಿಬಿಡುತ್ತೆ, ನೋಡುವವರಿಗೆ ಯಾರೋ ಲೈಟ್ ಹಾಕಿದ ಹಾಗೆ ಕಾಣುತ್ತೆ. ಪರದೆಯನ್ನು ಬೆರಳಿನಲ್ಲಿ ಒತ್ತಿ ಹಿಡಿದು ಲಾಕ್ ಮಾಡಬೇಕು. ಇದನ್ನು ನಾನು ಮೊದಲೇ ಹೇಳಿದ್ದೆ. ಯಾರೂ ಕೇಳಿಸಿಕೊಂಡಿರಲಿಲ್ಲ, ಒಂದು ದಿನದ ಕೆಲಸ ಹಾಳಾದ ಮೇಲೆ ಕೇಳಿಸಿತು.

ಹೇಳಲೇಬೇಕಾದದ್ದು ಸೌಂಡ್ ಬಗ್ಗೆ. ತಂಡದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, ನಟನೆ ಬೇಡ, ಕ್ಯಾಮೆರಾ ಬೇಡ ಅಂತ ಉಳಿದವನು. ಉಳಿದ ಕೆಲಸ ಅಂತ ಅವನಿಗೆ ಸೌಂಡ್ ಬಂತು. ಫೋನಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು (ಗಾಳಿಯ ಸದ್ದು ತಡೆಯೋಕೆ) ಸಂಜೆ ಹೊತ್ತು ತನ್ನ ಮಾವನ ತೋಟದಲ್ಲಿ ಕೂತ. ಜೀರುಂಡೆ ಕಿವಿ ತೂತು ಬೀಳುವಷ್ಟು ಕೂಗುತ್ತಿದ್ದವು. ಕಾಲು ಜೋಮು ಹಿಡಿಯಿತು ಅಂತ ಇವನು ಸ್ವಲ್ಪ ಅಲುಗಾಡಿದ್ದೇ ತಡ, ಪಕ್ಕದವೆಲ್ಲ ಒಟ್ಟಿಗೆ ಸುಮ್ಮನಾದವು. ರೆಕಾರ್ಡಿಂಗ್ ಹಾಳಾಯ್ತು ಅಂತ ಅಳಿಸೋಕೆ ಹೊರಟವನು ಅಳಿಸಲಿಲ್ಲ. ಎರಡು ನಿಮಿಷದ ಆ ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಹುಡುಗ ಜಗುಲಿ ಮೇಲೆ ನಿಂತಿದ್ದಾನೆ, ಅಲುಗಾಡುತ್ತಿಲ್ಲ, ತೋಟದಲ್ಲಿ ಜೀರುಂಡೆ ಕೂಗುತ್ತಿವೆ. ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತವೆ. ಇವನು ಅಲುಗಾಡಿಲ್ಲ, ಅಂದಮೇಲೆ ಅಲ್ಲಿ ಯಾರು ಅಲುಗಾಡಿದ್ದು?

ಆಮೇಲೆ ಗುಂಡಿನ ಸದ್ದು. ಇದೂ ಕೊಡವರ ಹುಡುಗನ ಯೋಚನೆಯೇ. ಹಳೆಯ ಪದ್ಧತಿಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಒಂದರ ಹಿಂದೆ ಒಂದು ಎರಡು. ದೂರದ ಮನೆಯವರಿಗೆ ಅದೇ ಸುದ್ದಿ. ಸಿನಿಮಾದಲ್ಲಿ ಜೀರುಂಡೆ ನಿಂತ ಮೇಲೆ ದೂರದಲ್ಲಿ ಒಂದು ಗುಂಡು ಕೇಳುತ್ತೆ. ಹುಡುಗ ಕಿವಿಗೊಟ್ಟು ನಿಲ್ಲುತ್ತಾನೆ. ಕ್ಯಾಮೆರಾ ಅವನ ಮುಖದ ಮೇಲೆ ಹಾಗೇ ಇರುತ್ತೆ. ಅಲ್ಲಿಗೆ ಮುಗಿಯುತ್ತೆ.

ಸದ್ದು ಮಾಡುವುದು ಹೇಗೆ? ಒಂದು ಪಟಾಕಿ ಹೊಡೆದು ರೆಕಾರ್ಡ್ ಮಾಡಿದರು. ಕೇಳಿದ ಕೂಡಲೇ ಸಿದ್ದಾಪುರದ ಹುಡುಗಿ, "ಇದು ಆನೆ ಓಡಿಸೋದು" ಅಂದಳು. ಮತ್ತೆ ಆನೆ! ಬಿಡುವುದೇ ಇಲ್ಲ ನಮ್ಮನ್ನು. ಕೊನೆಗೆ ದಪ್ಪ ಹಲಗೆಯೊಂದನ್ನು ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಚಪ್ಪಟೆಯಾಗಿ ಬೀಳಿಸಿದರು. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ ಇತ್ತು. ಹತ್ತಿರದಿಂದ ಕೇಳಿದರೆ ಬರೀ ಹಲಗೆ. ಆದರೆ ದೂರದಿಂದ ಬರುವ ಸದ್ದಿನಲ್ಲಿ ಚುರುಕು ಇರುವುದಿಲ್ಲ, ತೆಳು ಸದ್ದು ದಾರಿಯಲ್ಲೇ ಸೋರಿಹೋಗಿ ದಪ್ಪ ಸದ್ದು ಮಾತ್ರ ಬಂದು ಮುಟ್ಟುತ್ತೆ, ಹಿಂದೆಯೇ ಬೆಟ್ಟದ ಪ್ರತಿಧ್ವನಿ. ಹುಡುಗ ಟ್ರೆಬಲ್ ಕತ್ತರಿಸಿ, ಎಕೋ ಸೇರಿಸಿ, ವಾಲ್ಯೂಮ್ ಇಳಿಸಿದ. ಜೋರಾಗಿದ್ದಾಗ ನಗು ಬರುತ್ತಿತ್ತು, ಸಣ್ಣದಾದ ಮೇಲೆ ಮೈ ಜುಮ್ಮೆಂದಿತು.

ಎರಡನೇ ಕಟ್ಟನ್ನು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಧಾರವಾಡ ಕಡೆಯ ಸರ್‌ಗೆ ತೋರಿಸಿದರು. ಸರ್ ಗಮನವಿಟ್ಟೇ ನೋಡಿದರು. "ಛಲೋ ಐತಿ. ಆದ್ರ ಗ್ವಾಡಿ ಮ್ಯಾಲ ಆ ಎರಡು ಗೂಟ ಯಾಕ್ರಿ? ಅಂಗಿ ಹಾಕಾಕೇನು?"

ಮತ್ತೆ ಜಗಳ. ಹುಡುಗನ ಬಾಯಲ್ಲಿ "ಅಜ್ಜನ ಕೋವಿ ಎಲ್ಲಿ ಹೋಯ್ತು" ಅಂತ ಹೇಳಿಸೋಣ ಅಂತ ಮೂವರು, ಹೇಳಿಸಿದರೆ ಸತ್ತುಹೋಗುತ್ತೆ ಅಂತ ಮೂವರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಹಾಕಬೇಕು ಅಂತ ಬಹಳ ಅನ್ನಿಸಿತು, ಆದರೂ ಹಾಕಲಿಲ್ಲ, ಇದೊಂದು ನಾನು ಏಳು ವರ್ಷದಲ್ಲಿ ಕಲಿತದ್ದು. ಸಿದ್ದಾಪುರದ ಹುಡುಗಿ ಗೂಟದ ಕೆಳಗೆ ಒಂದು ಹಳೆಯ ಕಪ್ಪುಬಿಳುಪು ಫೋಟೊ ತೂಗುಹಾಕಿಸಿದಳು. ಅದರಲ್ಲಿ ಅಜ್ಜ ಇದೇ ಗೋಡೆ ಮುಂದೆ ಕೂತಿದ್ದಾನೆ, ತಲೆ ಮೇಲೆ ಗೂಟ, ಗೂಟದ ಮೇಲೆ ಕೋವಿ. ಕ್ಯಾಮೆರಾ ಫೋಟೊದಿಂದ ನಿಧಾನವಾಗಿ ಮೇಲೆ ಹೋಗುತ್ತೆ. ಮಾತಿಲ್ಲ, ನಾಲ್ಕು ಸೆಕೆಂಡ್. ಮತ್ತೊಮ್ಮೆ ನೋಡಿದ ಸರ್ "ಓಹೋ" ಅಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಗುಂಡಿನ ಸದ್ದು ಕೇಳಿ ಅವರು ಅಂದುಕೊಂಡದ್ದು ಯಾರನ್ನೋ ಹೊಡೆದರು ಅಂತ. ಒಂದು, ಎರಡರ ಲೆಕ್ಕ ಅವರಿಗೆ ಗೊತ್ತಿಲ್ಲ. ಅದನ್ನು ಬಿಡಿಸಿ ಹೇಳುವುದು ಬೇಡ ಅಂತ ಈ ಸಲ ಆರೂ ಜನ ಒಪ್ಪಿದರು.

ಅಂಕದ ವಿಷಯ ಸಣ್ಣದು. ಅರ್ಧ ಅಂಕ ಸಿನಿಮಾಕ್ಕೆ, ಅರ್ಧ ಬರೆದುಕೊಡುವ ಎರಡು ಪುಟಕ್ಕೆ. ಏನು ಕೈಕೊಟ್ಟಿತು, ಯಾಕೆ, ಅದನ್ನು ಬರೆಯಬೇಕು. ಚೆನ್ನಾಗಿ ಬಂದದ್ದನ್ನು ನಾನೇ ನೋಡಿರುತ್ತೇನಲ್ಲ. ಸೌಂಡ್ ಹುಡುಗ ಒಂದೂವರೆ ಪುಟ ಬರೀ ಜೀರುಂಡೆ ಬಗ್ಗೆ ಬರೆದಿದ್ದ. ತುಂಬಾ ಕಾಗುಣಿತ ತಪ್ಪು, ಪೂರ್ತಿ ಅಂಕ ಕೊಟ್ಟೆ.

ನವೆಂಬರ್‌ನಲ್ಲಿ ಕೊನೆಯ ಕಟ್ ಹಿಡಿದುಕೊಂಡು ಎಲ್ಲರೂ ಕ್ಯಾಂಟೀನ್‌ಗೆ ಹೋದೆವು. ಅಕ್ಕ ಈ ಸಲ ಕೈ ಒರೆಸಿಕೊಂಡು ಬಂದು ಕೂತರು. ಫೋಟೊ ಬಂದಾಗ ಏನೂ ಅನ್ನಲಿಲ್ಲ. ಜೀರುಂಡೆ ನಿಂತಾಗ ಸೆರಗು ಎಳೆದುಕೊಂಡರು. ಗುಂಡು ಕೇಳಿಸಿತು. ಹುಡುಗನ ಮುಖ. ಪರದೆ ಕಪ್ಪಾಯಿತು, ಹೆಸರು ಬಂತು, ವಿಡಿಯೋ ಮುಗಿಯಿತು. ಅಕ್ಕ ಫೋನ್ ವಾಪಸ್ ಕೊಡಲಿಲ್ಲ, ಕಿವಿಯ ಹತ್ತಿರ ಹಿಡಿದುಕೊಂಡರು.

"ಇನ್ನೊಂದು ಕೇಳಲಿಲ್ವಲ್ಲ?" ಅಂದರು.