ಫಾರ್ಮ್ಯಾಟ್ ಮಾಡಿ ಕೊಡಿ ಅಂದರು

ಈ ವಾರ ಬೇರೆ ಏನನ್ನೂ ಯೋಚಿಸೋಕೆ ಆಗಿಲ್ಲ. ಊಟಕ್ಕೆ ಕೂತರೂ ಅದೇ ದನಿ, ಗಾಡಿ ಓಡಿಸುವಾಗಲೂ ಅದೇ ದನಿ. "ಅಣ್ಣಾ, ಇದ್ರಾಗ ಸಣ್ಣ ಹುಡುಗ್ರು ಅದಾರ."

ಹಾಗಂದವನು ನಮ್ಮ ಅಂಗಡಿಯ ಹುಡುಗ. ಇಂಡಿ ಕಡೆಯವನು, ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವನು. ಅಲ್ಲಿನ ಚಿಂಚವಾಡದಲ್ಲಿ ನನ್ನ ಮಾಮನ ಕಂಪ್ಯೂಟರ್ ಸರ್ವಿಸ್ ಅಂಗಡಿ ಇದೆ. ಭೋಸರಿ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಎಎಂಸಿಯಿಂದಲೇ, ಅಂದರೆ ಕಂಪ್ಯೂಟರ್ ನೋಡಿಕೊಳ್ಳುವ ವರ್ಷದ ಕರಾರಿನಿಂದಲೇ, ನಮ್ಮ ಹೊಟ್ಟೆ ತುಂಬೋದು. ಅಂಥ ಒಂದು ಕಾರ್ಖಾನೆಯ ಆಫೀಸಿನಲ್ಲಿ ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋದಿತ್ತು. ಡೇಟಾವನ್ನು ಮೊದಲು ನಮ್ಮ ಪೋರ್ಟಬಲ್ ಡಿಸ್ಕಿಗೆ ಕಾಪಿ ಮಾಡುತ್ತಿದ್ದೆವು. ಹಳೇ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದೋಕೆ ಆಗದ ಕೆಟ್ಟ ಜಾಗ. ಕಾಪಿ ನಡುವೆಯೇ ನಿಂತುಹೋಯಿತು. ಯಾವ ಫೈಲಿನಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋಕೆ ಅವನು ಫೋಲ್ಡರ್ ತೆರೆದ. ಟ್ಯಾಲಿ, ಡ್ರಾಯಿಂಗ್‌ಗಳು, ಅವುಗಳ ಕೆಳಗೆ ಹಳೇ ಬಿಲ್ಲು ಅಂತ ಹೆಸರಿಟ್ಟ ಇನ್ನೊಂದು ಫೋಲ್ಡರ್. ಪರದೆ ಮೇಲೆ ಚಿಕ್ಕ ಚಿಕ್ಕ ಚಿತ್ರಗಳು ಒಂದೊಂದಾಗಿ ಮೂಡಿದವು. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಮೌಸ್ ಮುಟ್ಟಲಿಲ್ಲ. ಮಾನಿಟರಿನ ಬಟನ್ ಒತ್ತಿ ಆರಿಸಿದ. ಆಮೇಲೆ ನನ್ನನ್ನು ಕರೆದ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಅವು. ಅದಕ್ಕಿಂತ ಹೆಚ್ಚು ಬರೆಯೋದಿಲ್ಲ. ಆ ಮಕ್ಕಳಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕು.

ಕಾರ್ಖಾನೆಯ ಸಾಹೇಬರಿಗೆ ಹೇಳಿದೆವು. ಅವರು ಕೆಟ್ಟವರಲ್ಲ. ಬಿಲ್ಲು ಸರಿಯಾದ ಹೊತ್ತಿಗೆ ಕೊಡುವವರು, ಕೆಲಸಗಾರರ ಮಕ್ಕಳ ಫೀಸಿಗೆ ಕೈ ಹಿಡಿಯುವವರು. ಮುಖ ಬಿಳಿಚಿಕೊಂಡಿತು. ಆದರೆ ಬಾಯಿಂದ ಬಂದಿದ್ದು ಇದು: "ಆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಕೊಡಿ. ಆ ಪಿಸಿ ಮುಂದೆ ಕೂರುವವನನ್ನು ಇವತ್ತೇ ಕೆಲಸದಿಂದ ತೆಗೀತೀನಿ. ತಾನೊಬ್ಬನೇ ನೋಡಿದ್ದಾನೆ, ಯಾರಿಗೂ ಕಳಿಸಿಲ್ಲವಲ್ಲ." ಮಾಮನಿಗೆ ಫೋನ್ ಮಾಡಿದರೆ ಅವನೂ ಹೆಚ್ಚುಕಡಿಮೆ ಅದನ್ನೇ ಅಂದ. "ಊರ ಉಸಾಬರಿ ನಮಗ್ಯಾಕೋ? ನಾವು ರಿಪೇರಿ ಮಾಡೋರು."

ಇಬ್ಬರ ಮಾತನ್ನೂ ನಾನು ಒಪ್ಪಲಿಲ್ಲ, ಈಗಲೂ ಒಪ್ಪೋದಿಲ್ಲ. ತಾನೊಬ್ಬನೇ ನೋಡಿದ ಅನ್ನೋ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಬರೀ ನೋಡೋದು, ಇಟ್ಟುಕೊಳ್ಳೋದು ಅಪರಾಧವಲ್ಲ ಅಂತ ಮದ್ರಾಸ್ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಇನ್ನು ಉಸಾಬರಿಯ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಕೈಕೆಳಗಿನವನು ಮಾಡಿದ್ದನ್ನು ಕಂಪನಿಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅನ್ನೋದೂ ಅದೇ 19ನೇ ಸೆಕ್ಷನ್‌ನಲ್ಲಿದೆ. ಇದನ್ನೆಲ್ಲ ಹೇಳಿದ ಮೇಲೆ ಸಾಹೇಬರು ಕೂತರು, ನೀರು ಕುಡಿದರು. ಮಾಮ ಅಂಗಡಿಗೆ ಬೀಗ ಹಾಕಿ ಬಂದ.

ಆದರೆ ಜೈಲಿನ ಭಯಕ್ಕೆ ಮಾಡಬೇಕಾದ ಕೆಲಸವಾ ಇದು? ಆ ಹುಡುಗ ಸೆಕ್ಷನ್ ಹೇಳಲಿಲ್ಲ. ಇದ್ರಾಗ ಸಣ್ಣ ಹುಡುಗ್ರು ಅದಾರ ಅಂದ. ಸಾಹೇಬರಿಗೆ ಅಲ್ಲಿ ಕಂಡಿದ್ದು ಕಾರ್ಖಾನೆಯ ಹೆಸರು, ಮಾಮನಿಗೆ ಎಎಂಸಿ. ಮಕ್ಕಳು ಕಂಡಿದ್ದು ಅವನಿಗೊಬ್ಬನಿಗೇ. ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಖಾಲಿಯಾಗುತ್ತದೆ, ಎಲ್ಲೋ ಇರುವ ಆ ಮಕ್ಕಳ ಪಾಡು ಬದಲಾಗೋದಿಲ್ಲ. ಅವರನ್ನು ಹುಡುಕೋಕೆ ಇದ್ದ ಒಂದು ದಾರಿಯನ್ನು ನಾವೇ ಅಳಿಸಿದಂತೆ ಅಲ್ವಾ?

ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗಳು ತಮ್ಮ ಸರ್ವರ್‌ಗಳಲ್ಲಿ ಇಂಥದ್ದು ಸಿಕ್ಕರೆ ಅಮೆರಿಕದ ಒಂದು ಕೇಂದ್ರಕ್ಕೆ ತಿಳಿಸುತ್ತವೆ. ಅದರಲ್ಲಿ ಭಾರತಕ್ಕೆ ಸೇರಿದ್ದು 2019ರ ಒಪ್ಪಂದದಂತೆ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ (ಎನ್‌ಸಿಆರ್‌ಬಿ) ಬರುತ್ತದೆ. ಅಲ್ಲೆಲ್ಲ ಯಂತ್ರವೇ ಕಾವಲು ಕಾಯುತ್ತದೆ. ಭೋಸರಿಯ ಒಂದು ಮೇಜಿನ ಕೆಳಗೆ ಧೂಳು ಹಿಡಿದು ಕೂತ ಡಬ್ಬಕ್ಕೆ ಯಾವ ಕಾವಲು? ಅದನ್ನು ಬಿಚ್ಚುವ ಟೆಕ್ನಿಷಿಯನ್ ಕಣ್ಣೇ ಕಾವಲು.

ಹಾಗಂತ ಗಿರಾಕಿಯ ಫೋಲ್ಡರ್‌ಗಳನ್ನು ಕೆದಕುತ್ತಾ ಕೂರಬೇಕು ಅಂತಲ್ಲ. ಅದು ನಮ್ಮ ಕಸುಬಿಗೇ ಅವಮಾನ. ಯಾರದೋ ಮದುವೆ ಫೋಟೋ, ಸಂಬಳದ ಚೀಟಿ, ಪ್ರೇಮಪತ್ರ ಕಣ್ಣಿಗೆ ಬಿದ್ದರೂ ಮರೆತುಬಿಡಬೇಕು, ಹೊರಗೆ ಆಡಬಾರದು. ಆದರೆ ಕೆಲಸ ಮಾಡುವಾಗ ತಾನಾಗಿ ಎದುರಾದ ಇಂಥದ್ದನ್ನು ಗಿರಾಕಿಯ ಗುಟ್ಟು ಅಂತ ಕರೆಯೋಕೆ ಆಗೋದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ನಮ್ಮದೇ ಪೋರ್ಟಬಲ್ ಡಿಸ್ಕ್. ಅರ್ಧ ಕಾಪಿ ಆಗಿತ್ತಲ್ಲ, ಆ ಫೈಲುಗಳು ಈಗ ನಮ್ಮ ಹತ್ತಿರವೂ ಇದ್ದವು. ಅದೇ ಡಿಸ್ಕಿನಲ್ಲಿ ಬೇರೆ ಗಿರಾಕಿಗಳ ಲೆಕ್ಕಪತ್ರವೂ ಇತ್ತು. ಅಳಿಸಿಬಿಡೋಣ ಅಂತ ಮಾಮ ಕೈ ಚಾಚಿದ. ಬೇಡ ಅಂದೆ. ಅಳಿಸಿದರೆ ಏನನ್ನೋ ಮುಚ್ಚಿದಂತೆ ಕಾಣುತ್ತದೆ. ಫೈಲು ತೆರೆದು ಖಾತ್ರಿ ಮಾಡಿಕೊಳ್ಳಲೂ ಬಿಡಲಿಲ್ಲ, ತೆರೆದರೆ ಅದರ ಸಮಯದ ಗುರುತುಗಳು ಬದಲಾಗಬಹುದು. ಎರಡೂ ಡಿಸ್ಕಿನ ಸೀರಿಯಲ್ ನಂಬರ್, ಎಷ್ಟು ಗಂಟೆಗೆ ಏನಾಯಿತು, ಕೋಣೆಯಲ್ಲಿ ಯಾರಿದ್ದರು, ಎಲ್ಲವನ್ನೂ ಕಾಗದದ ಮೇಲೆ ಬರೆದು ಮೂವರೂ ಸಹಿ ಹಾಕಿದೆವು. "ನಾನೇ ಹಾಕ್ದೆ ಅಂದ್ರ ಹೆಂಗಣ್ಣಾ?" ಅಂತ ಹುಡುಗ ಕೇಳಿದ್ದ. ನ್ಯಾಯವಾದ ಭಯ ಅದು.

ಠಾಣೆಯಲ್ಲಿ ಮಹಿಳಾ ಪಿಎಸ್‌ಐ ಒಬ್ಬರು ಸಮಾಧಾನವಾಗಿ ಕೇಳಿಸಿಕೊಂಡರು. ನೀವೇನಾದರೂ ಕಾಪಿ ಮಾಡಿಕೊಂಡಿದ್ದೀರಾ, ಯಾರಿಗಾದರೂ ತೋರಿಸಿದಿರಾ ಅನ್ನೋದೇ ಅವರ ಮೊದಲ ಪ್ರಶ್ನೆ. ಪೋರ್ಟಬಲ್ ಡಿಸ್ಕನ್ನೂ ಮುಂದಿಟ್ಟು, ಅದರಲ್ಲಿ ಬೇರೆಯವರ ಡೇಟಾ ಇದೆ ಅಂತ ಬರೆದುಕೊಟ್ಟೆವು. ಆ ಪಿಸಿ ಯಾರು ಬಳಸುತ್ತಿದ್ದರು ಅಂತಲೂ ಕೇಳಿದರು. ಪಾಸ್‌ವರ್ಡ್ ಮಾನಿಟರ್ ಮೇಲೇ ಚೀಟಿಯಲ್ಲಿ ಅಂಟಿಸಿತ್ತು, ಎರಡು ಪಾಳಿಯವರೂ ಮುಟ್ಟುತ್ತಿದ್ದರು. ಸಾಹೇಬರು ಸಿಟ್ಟಿನಲ್ಲಿ ಒಬ್ಬನನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿದ್ದರೆ ನಿಜವಾದ ತಪ್ಪುಗಾರ ಪಕ್ಕದ ಮೇಜಿನಲ್ಲೇ ಉಳಿಯಬಹುದಿತ್ತು. ಯಾರು ಮಾಡಿದ್ದು ಅಂತ ತೀರ್ಮಾನಿಸೋದು ನಮ್ಮ ಕೆಲಸವೂ ಅಲ್ಲ, ಅವರದೂ ಅಲ್ಲ.

ಹಾರ್ಡ್‌ವೇರ್ ಕೋರ್ಸಿನಲ್ಲಿ ನಮಗೆ ಬ್ಯಾಡ್ ಸೆಕ್ಟರ್ ಬಗ್ಗೆ ಕಲಿಸಿದರು, ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಕಲಿಸಬೇಕು. ಠಾಣೆಗೆ ಹೋಗೋಕೆ ಹೆದರುವವರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥದ್ದನ್ನು ತಿಳಿಸಬಹುದು. ಮಕ್ಕಳ ಸಹಾಯವಾಣಿ 1098 ಇದೆ. ಇಷ್ಟನ್ನು ಹೇಳಿಕೊಡೋಕೆ ಅರ್ಧ ಗಂಟೆ ಸಾಕು.

ಮಾಮ ಎಎಂಸಿ ಕರಾರಿನಲ್ಲಿ ಹೊಸ ಸಾಲೊಂದನ್ನು ಸೇರಿಸಿದ್ದಾನೆ: ಕೆಲಸದ ವೇಳೆ ಮಕ್ಕಳ ಮೇಲಿನ ದೌರ್ಜನ್ಯದ ಸಾಮಗ್ರಿ ಕಂಡರೆ ಪೊಲೀಸರಿಗೆ ತಿಳಿಸುತ್ತೇವೆ. ಒಬ್ಬ ಗಿರಾಕಿ ಅದನ್ನು ಓದಿ, ಇದೆಲ್ಲ ಯಾಕೆ ಬೇಕು ಅಂತ ಸಹಿ ಹಾಕದೆ ಇಟ್ಟುಕೊಂಡಿದ್ದಾರೆ. ಹುಡುಗನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದಿದೆ. ಸದ್ಯಕ್ಕೆ ಬ್ಯಾಕಪ್ ಕೆಲಸಗಳನ್ನು ನಾನು ನೋಡಿಕೊಳ್ಳುತ್ತೇನೆ, ಅವನು ಪ್ರಿಂಟರ್ ಮತ್ತು ಕೇಬಲ್ ಕೆಲಸ ಮಾಡುತ್ತಾನೆ.