ಹಸಿದ ಕುದುರೆಗೆ ಹಿಡಿ ಹುಲ್ಲು

ಮದುವೆ ಮೆರವಣಿಗೆಗಳಲ್ಲಿ ದುಡಿದು, ಕಾಲು ಕುಂಟಾದ ಮೇಲೆ ಬೆಂಗಳೂರಿನ ಹೊರವಲಯದ ರಸ್ತೆಬದಿಯಲ್ಲಿ ಯಾರೋ ಬಿಟ್ಟುಹೋದ ಹೆಣ್ಣು ಕುದುರೆಯೊಂದನ್ನು ಸ್ವಯಂಸೇವಕ ಗೆಳೆಯರು ತಂದು ಆರೈಕೆ ಮಾಡುತ್ತಿದ್ದಾರೆ. ಇಂದು ಬೆಳಿಗ್ಗೆ ನಾನೂ ಅವರೊಡನಿದ್ದೆ. ಪಕ್ಕೆಲುಬು ಎಣಿಸುವಂತಿದ್ದ ಅವಳನ್ನು ಕಂಡಾಗ ಬಕೆಟ್ ತುಂಬ ಹುರುಳಿ ಬೇಯಿಸಿಡಬೇಕೆನಿಸಿತು. ಆದರೆ ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಕಾಳು ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಪ್ರಾಣವೇ ಹೋಗಬಹುದಾದ್ದರಿಂದ, ಮೊದಲ ದಿನಗಳಲ್ಲಿ ಹುಲ್ಲನ್ನು ಸ್ವಲ್ಪಸ್ವಲ್ಪವಾಗಿ, ರಾತ್ರಿಯೂ ಎದ್ದು, ಕೆಲವು ಗಂಟೆಗಳಿಗೊಮ್ಮೆ ಕೊಡಬೇಕಾಗುತ್ತದೆ. ಸಂಬಳವಿಲ್ಲದೆ ಹೀಗೆ ನಿದ್ದೆಗೆಡುವವರನ್ನು ಕಂಡರೆ ನನಗೆ ಅಪಾರ ಗೌರವ. ಸವೆದ ಲಾಳ ಕಿತ್ತು, ಅತಿಯಾಗಿ ಬೆಳೆದ ಗೊರಸನ್ನು ಕತ್ತರಿಸುವಷ್ಟು ಹೊತ್ತೂ ಅವಳು ನನ್ನ ಹೆಗಲ ಮೇಲೆ ಗದ್ದವಿಟ್ಟು ನಿಂತಿದ್ದಳು. ಕುದುರೆ 25–30 ವರ್ಷ ಬದುಕಬಲ್ಲದು; ಹಾಗಾಗಿ ಸಾಕಲು ಮುಂದೆ ಬಂದವರ ಜಾಗ, ನೀರು, ಮೇವನ್ನು ಕಣ್ಣಾರೆ ನೋಡಿದ ನಂತರವೇ ಅವಳನ್ನು ಒಪ್ಪಿಸಲಿದ್ದಾರೆ.