ಓಡದೇ ಉಳಿದ ಡೀಅಲಾಕ್

14 ಮಾರ್ಚ್ 2024, ಗುರುವಾರ

ಒಂದು ಹಳೇ ಐಫೋನ್ ಆ್ಯಪ್ ಇವತ್ತು ಇಡೀ ದಿನ ತಿಂದು ಹಾಕಿತು. ಆಬ್ಜೆಕ್ಟಿವ್-ಸಿ ಭಾಷೆಯ ಕೋಡ್. ಮೆಮೊರಿಯಲ್ಲಿರುವ ಆಬ್ಜೆಕ್ಟ್ ಅನ್ನು ಹಿಡಿದಿಡಲು ರಿಟೇನ್, ಬಿಟ್ಟುಬಿಡಲು ರಿಲೀಸ್ ಅಂತ ಬರೆಯುವ ಕೆಲಸವನ್ನು ಆ್ಯಪಲ್ 2011ರಲ್ಲೇ ಎಆರ್‌ಸಿ (ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ತಂದು ಕಂಪೈಲರ್ ತಲೆಗೆ ಕಟ್ಟಿತು. ಈ ಕೋಡ್‌ಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಿಯಮವೇನೋ ಸುಲಭ. ಅಲಾಕ್, ನ್ಯೂ, ಕಾಪಿ ಅಂತ ಶುರುವಾಗುವ ಮೆಥಡ್ ಕೊಟ್ಟ ಆಬ್ಜೆಕ್ಟ್ ನಮ್ಮದು, ರಿಲೀಸ್ ಮಾಡುವ ಹೊಣೆಯೂ ನಮ್ಮದೇ. ಉಳಿದದ್ದೆಲ್ಲ ಎರವಲು. ಇಟ್ಟುಕೊಳ್ಳಬೇಕಾದರೆ ರಿಟೇನ್ ಮಾಡಬೇಕು. ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆ ಸೊನ್ನೆಗೆ ಇಳಿದಾಗ, ಆಬ್ಜೆಕ್ಟ್ ಸಾಯುವ ಮುನ್ನ ಅದರ ಡೀಅಲಾಕ್ ಮೆಥಡ್ ಓಡುತ್ತದೆ.

ನಮ್ಮದು ಓಡುತ್ತಿರಲಿಲ್ಲ. ಸ್ಕ್ರೀನ್ ನಡೆಸುವ ಕಂಟ್ರೋಲರ್‌ನ ಡೀಅಲಾಕ್ ಒಳಗೆ ಒಂದು ಲಾಗ್ ಸಾಲು ಹಾಕಿದೆ. ಸ್ಕ್ರೀನ್ ಅನ್ನು ಹತ್ತು ಸಲ ತೆರೆದು ಮುಚ್ಚಿದೆ. ಕನ್ಸೋಲ್ ಖಾಲಿ. ಇನ್‌ಸ್ಟ್ರುಮೆಂಟ್ಸ್‌ನ ಅಲೊಕೇಶನ್ಸ್‌ನಲ್ಲಿ (ಮೆಮೊರಿಯಲ್ಲಿ ಏನೇನಿದೆ ಅಂತ ತೋರಿಸುವ ಟೂಲ್) ನೋಡಿದರೆ ಹತ್ತೂ ಕಂಟ್ರೋಲರ್ ಜೀವಂತ! ಮುಚ್ಚಿದ ಸ್ಕ್ರೀನ್‌ಗಳು ಐದೈದು ಸೆಕೆಂಡಿಗೆ ಸರ್ವರ್‌ಗೆ ಸುಮ್ನೆ ಕೇಳುತ್ತಾ ಕೂತಿವೆ. ಲೀಕ್ಸ್ ಟೂಲ್ ಮಾತ್ರ ಏನೂ ತಪ್ಪಿಲ್ಲ ಅಂತ ಹಸಿರು ಗುರುತು ತೋರಿಸುತ್ತಿತ್ತು. ಅದು ಹುಡುಕುವುದು ಯಾರ ಕೈಗೂ ಸಿಗದ ಮೆಮೊರಿಯನ್ನು. ಇಲ್ಲಿ ಹಿಡಿದುಕೊಂಡವರು ಇದ್ದರಲ್ಲ.

ಹಿಡಿದದ್ದು ಆ ಐದು ಸೆಕೆಂಡಿನ ಟೈಮರ್, ಎನ್‌ಎಸ್‌ಟೈಮರ್. ರಿಪೀಟ್ ಆಗುವ ಟೈಮರ್ ತನ್ನ ಟಾರ್ಗೆಟ್ ಅನ್ನು, ಅಂದರೆ ತಾನು ಕರೆಯುವ ಆಬ್ಜೆಕ್ಟ್ ಅನ್ನು (ಇಲ್ಲಿ ಕಂಟ್ರೋಲರ್), ರಿಟೇನ್ ಮಾಡುತ್ತದೆ, ಇನ್‌ವ್ಯಾಲಿಡೇಟ್ ಮಾಡಿ ನಿಲ್ಲಿಸುವ ತನಕ ಬಿಡುವುದಿಲ್ಲ. ಆ ಇನ್‌ವ್ಯಾಲಿಡೇಟ್ ಎಲ್ಲಿ ಬರೆದಿದ್ದರು? ಡೀಅಲಾಕ್ ಒಳಗೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಹಿಂದೆ ಯಾರೋ ಟೈಮರ್ ಪ್ರಾಪರ್ಟಿಯನ್ನು ರಿಟೇನ್‌ನಿಂದ ಅಸೈನ್‌ಗೆ (ಎಣಿಕೆ ಏರಿಸದೆ ಹಿಡಿಯುವುದು) ಬದಲಿಸಿ ನೋಡಿದ್ದರು. ಡೆಲಿಗೇಟ್‌ಗಾದರೆ (ಒಂದು ಆಬ್ಜೆಕ್ಟ್ ತನ್ನ ಸುದ್ದಿ ತಿಳಿಸುವ ಇನ್ನೊಂದು ಆಬ್ಜೆಕ್ಟ್) ಅದೇ ಸರಿಯಾದ ಮದ್ದು. ಇಲ್ಲಿ ಉಪಯೋಗವಿಲ್ಲ, ಟೈಮರ್ ಅನ್ನು ಆ್ಯಪ್‌ನ ರನ್ ಲೂಪ್ (ಘಟನೆಗಳನ್ನು ಕಾಯುತ್ತಾ ಸುತ್ತುವ ಭಾಗ) ಹಿಡಿದಿರುತ್ತದೆ. ಎಆರ್‌ಸಿ ಇದ್ದಿದ್ದರೂ ಈ ಗಂಟು ಹೀಗೇ ಇರುತ್ತಿತ್ತು.

ಸ್ಕ್ರೀನ್ ಕಾಣಿಸುವಾಗ ಟೈಮರ್ ಶುರು, ಮರೆಯಾಗುವಾಗ ಇನ್‌ವ್ಯಾಲಿಡೇಟ್. ಎರಡು ಸಾಲು ಜಾಗ ಬದಲಿಸಿದ್ದಷ್ಟೇ.

ನಡುವೆ ಇನ್ನೊಂದು ಲೀಕ್ (ಬಿಡುಗಡೆಯಾಗದ ಮೆಮೊರಿ) ಸಿಕ್ಕಿತು. ಎರರ್ ಬಂದರೆ ಮಧ್ಯದಲ್ಲೇ ರಿಟರ್ನ್, ಕೆಳಗಿದ್ದ ರಿಲೀಸ್ ತಪ್ಪಿಹೋಗುತ್ತಿತ್ತು. ಟೀಮಿನ ಹೊಸ ಹುಡುಗ ಉತ್ಸಾಹದಲ್ಲಿ ಆಟೊರಿಲೀಸ್ (ತುಸು ಹೊತ್ತಿನ ಬಳಿಕ ತಾನೇ ರಿಲೀಸ್ ಆಗುವುದು) ಸೇರಿಸಿದ, ಹಳೇ ರಿಲೀಸ್ ತೆಗೆಯಲಿಲ್ಲ. ಎರಡು ಸಲ ರಿಲೀಸ್, ಆ್ಯಪ್ ಢಮಾರ್. ಸತ್ತ ಆಬ್ಜೆಕ್ಟ್ ಅನ್ನು ಮುಟ್ಟಿದರೆ ತಿಳಿಸುವ ಜಾಂಬಿ ಆನ್ ಮಾಡಿದ ಮೇಲೆ ಯಾವ ಆಬ್ಜೆಕ್ಟ್ ಅಂತ ಗೊತ್ತಾಯಿತು. ಲೀಕ್ ಆದರೆ ನಿಧಾನಕ್ಕೆ ಸಾಯುತ್ತೆ, ಇದಾದರೆ ಡೆಮೊ ಹೊತ್ತಿಗೇ ಸಾಯುತ್ತೆ.

ಸಂಜೆ ಆರೂಕಾಲಿಗೆ ಕನ್ಸೋಲ್‌ನಲ್ಲಿ ಆ ಲಾಗ್ ಸಾಲು ಬಂತು. ಹುಡುಗನಿಗೆ ತೋರಿಸಿದೆ.

“ಇಷ್ಟೇನಾ ಸಾರ್?” ಅಂದ.